ಗುಂಡುಸೂಜಿ ಬೀಳದ ನೆಲ

ನನ್ನ ಅತ್ತಿಗೆ ಹಸಿದವರ ಸೊಂಟದ ಅಳತೆ ತೆಗೆದುಕೊಳ್ಳುವುದಿಲ್ಲ. ಪ್ಯಾಂಟು ಹೊಲಿಸಲು ಯಾರೇ ಬರಲಿ, ಕೊರಳಲ್ಲಿರುವ ಟೇಪಿಗೆ ಕೈ ಹಾಕುವ ಮೊದಲು ಅವಳು ಕೇಳುವ ಮಾತು ಒಂದೇ: "ಊಟ ಆಯ್ತಾ?" ಹೊಸಬರು ಇದನ್ನು ಉಪಚಾರ ಎಂದುಕೊಂಡು "ಅಯ್ಯೋ, ಬೇಡ ಬಿಡಿ" ಎಂದು ನಾಚಿಕೊಳ್ಳುತ್ತಾರೆ. "ನಾನು ಬಡಿಸ್ತೀನಿ ಅಂದ್ನಾ? ಉಂಡು ಬನ್ನಿ ಅಂದೆ" ಎಂದು ಅವಳು ಬಾಗಿಲು ತೋರಿಸುತ್ತಾಳೆ. ಖಾಲಿ ಹೊಟ್ಟೆಗೆ ಹೊಲಿದ ಪ್ಯಾಂಟಿನ ಗುಂಡಿ ಉಂಡ ಮೇಲೆ ಹಾಕಲು ಬರುವುದಿಲ್ಲ, ಆಗ ಯಾರೂ ಹೊಟ್ಟೆಯನ್ನು ಬೈಯುವುದಿಲ್ಲ, ದರ್ಜಿಯನ್ನು ಬೈಯುತ್ತಾರೆ ಎನ್ನುವುದು ಅವಳ ಲೆಕ್ಕ. ಇಷ್ಟು ಮುಂದಾಲೋಚನೆಯ ಹೆಂಗಸು ಸ್ವಂತ ಮನೆಯ ನೆಲದ ವಿಷಯದಲ್ಲಿ ಹೇಗೆ ಎಡವಿದಳು, ಅವಳ ಜೊತೆ ನಾವೂ ಹೇಗೆ ಮುಗ್ಗರಿಸಿದೆವು ಎಂಬುದನ್ನು ಈಗ ನಗುತ್ತ ಹೇಳುತ್ತಿದ್ದೇನೆ. ಆಗ ಯಾರೂ ನಗುತ್ತಿರಲಿಲ್ಲ.

ನಾವಿರುವುದು ಒಂದು ಬೇಕರಿಯ ಮೇಲಿನ ಮಹಡಿಯಲ್ಲಿ. ಅಣ್ಣ, ಅತ್ತಿಗೆ, ತಂಗಿ ನಾನು, ಮೂರೇ ಜನ. ಅಣ್ಣನಿಗೆ ನೀರು ಸರಬರಾಜು ಕಚೇರಿಯಲ್ಲಿ ಕೆಲಸ. ನಾನು ಬಸ್ ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಕೂರುತ್ತೇನೆ. ತಲೆಯ ಮೇಲೆ ಫಲಕದಲ್ಲಿ ಬರೆದಿರುವುದನ್ನೇ ದಿನವಿಡೀ ಓದಿ ಹೇಳುವ ಕೆಲಸವಾದ್ದರಿಂದ ನನ್ನ ನಾಲಗೆ ಸ್ವಲ್ಪ ಹರಿತ ಎಂದು ಅಣ್ಣ ಹೇಳುತ್ತಾನೆ. ಸ್ವಲ್ಪ ಅಲ್ಲ, ಆದರೆ ಅವನಿಗೆ ನನ್ನ ಭಯ. ಅತ್ತಿಗೆ ವಯಸ್ಸಿನಲ್ಲಿ ನನಗಿಂತ ಚಿಕ್ಕವಳು, ಹಾಗಾಗಿ ಅವಳನ್ನು ಏಕವಚನದಲ್ಲೇ ಕರೆಯುತ್ತೇನೆ. ಗೌರವಕ್ಕೇನೂ ಕಡಿಮೆಯಿಲ್ಲ.

ಮದುವೆಗೆ ಮೊದಲು ಮತ್ತು ಆಮೇಲೆ ಬಹಳ ವರ್ಷ ಅವಳು ಗಾರ್ಮೆಂಟ್ ಕಾರ್ಖಾನೆಯಲ್ಲಿ ಕಾಲರ್ ಹೊಲಿಯುತ್ತಿದ್ದಳು. ಕಾಲರ್ ಮಾತ್ರ. ಅವಳ ಎಡಕ್ಕೆ ಕೂತವಳು ತೋಳು, ಬಲಕ್ಕೆ ಕೂತವಳು ಜೇಬು. ಅಂಗಿ ಪೂರ್ತಿಯಾಗುವುದು ಗೋಡೆಯ ಆಚೆಗಿನ ಇನ್ನೊಂದು ಕೊಠಡಿಯಲ್ಲಿ, ಅಲ್ಲಿಗೆ ಇವರಿಗೆ ಪ್ರವೇಶವಿಲ್ಲ. ಬಸ್ಸಿನಲ್ಲಿ ಎದುರಿಗೆ ಕೂತವರ ಕೊರಳನ್ನೇ ಇವಳು ದುರುಗುಟ್ಟಿ ನೋಡುತ್ತಿದ್ದದ್ದು ನನಗೆ ನೆನಪಿದೆ. ಒಂದು ಸಲ ಒಬ್ಬ ಗಂಡಸು ತಪ್ಪು ತಿಳಿದುಕೊಂಡು ನಕ್ಕುಬಿಟ್ಟ. "ಅದು ನಾನು ಹೊಲಿದಿದ್ದಾ ಅಂತ ನೋಡ್ತಿದ್ದೆ ಅಷ್ಟೆ" ಎಂದು ಇವಳು ಮನೆಗೆ ಬಂದು ಅತ್ತಳು.

ಕೊನೆಗೆ ಕಾರ್ಖಾನೆ ಬಿಟ್ಟು, ಹಳೆಯ ಮೆಷಿನ್ನೊಂದನ್ನು ಕೊಂಡು, ಮುಂದಿನ ಕೋಣೆಯ ದೊಡ್ಡ ಕಿಟಕಿಯ ಬಳಿ ಕೂತಳು. ಮೊದಲ ಅಂಗಿ ಹೊಲಿದದ್ದು ಅಣ್ಣನಿಗೆ. ಅದನ್ನು ಮೊಳೆಗೆ ನೇತುಹಾಕಿ ಇಡೀ ಸಂಜೆ ನೋಡುತ್ತ ಕೂತಿದ್ದಳು. ಅಣ್ಣ ಹಾಕಿಕೊಳ್ಳಲು ಹೋದರೆ "ಇರಿ, ಇನ್ನೂ ನೋಡ್ಬೇಕು" ಎಂದಳು. ಕಾಲರಿನಿಂದ ಅಂಚಿನವರೆಗೆ ಎಲ್ಲವೂ ತನ್ನದೇ ಆದ ಒಂದು ಬಟ್ಟೆ ಅವಳಿಗೆ ಎಷ್ಟು ದೊಡ್ಡದು ಎನ್ನುವುದು ನಮಗೆ ಅವತ್ತು ಅರ್ಥವಾಯಿತು.

ಇನ್ನು ಆ ಕೋಣೆಯ ನೆಲ. ಗಟ್ಟಿ ಮರದ ಉದ್ದುದ್ದ ಹಲಗೆಗಳು. ಹಲಗೆಗೇನೂ ಆಗಿಲ್ಲ, ನಮ್ಮ ಮೂವರನ್ನೂ ಮುಗಿಸಿ ಮುಂದಿನವರನ್ನೂ ಹೊರುತ್ತದೆ. ಆದರೆ ಹಲಗೆ ಹಲಗೆಯ ನಡುವೆ ಸಂದಿ. ಕೆಲವು ಕಡೆ ಚಮಚದ ಹಿಡಿ ಸಲೀಸಾಗಿ ಇಳಿಯುತ್ತಿತ್ತು. ಕೆಳಗೆ ಬೇರೆ ಚಾವಣಿ ಎಂಬುದಿಲ್ಲ. ನಮ್ಮ ನೆಲವೇ ಬೇಕರಿಯ ಚಾವಣಿ, ಅದರಲ್ಲೂ ಮುಂದಿನ ಕೋಣೆಯ ಅಡಿಯಲ್ಲೇ ಅವರ ಭಟ್ಟಿ, ಹಿಟ್ಟು ನಾದುವ ಉದ್ದನೆಯ ಮೇಜು. ಬೆಳಗಾದರೆ ಬ್ರೆಡ್ಡಿನ ವಾಸನೆ ಸಂದಿಯಿಂದ ಮೇಲೆ ಬರುತ್ತಿತ್ತು. ನಮ್ಮ ಗುಂಡಿ, ದಾರದ ತುಂಡು, ಅಣ್ಣನ ಜೇಬಿನ ಚಿಲ್ಲರೆ ಕೆಳಗೆ ಹೋಗುತ್ತಿದ್ದವು.

ಬೇಕರಿ ಯಜಮಾನರೇ ಮನೆಯ ಮಾಲೀಕರು. ಭಾರಿ ದೇಹ, ಸಣ್ಣ ದನಿ. ಮೇಲಿಂದ ಏನಾದರೂ ಬಿದ್ದರೆ ಅವರು ಬ್ರೆಡ್ ಎಳೆಯುವ ಉದ್ದ ಹಿಡಿಯ ಸಲಿಕೆಯನ್ನು ಎತ್ತಿ ಚಾವಣಿಗೆ ಒಂದೇಟು ಕುಟ್ಟುತ್ತಿದ್ದರು. ನಮ್ಮ ಕಾಲಡಿಯಲ್ಲಿ "ಧಡ್" ಎನ್ನುತ್ತಿತ್ತು. ಗುಂಡಿಗಳನ್ನು ಕೂಡಿಟ್ಟು ಪೊಟ್ಟಣ ಕಟ್ಟಿ, ಬನ್ ಕೊಳ್ಳಲು ಹೋದಾಗ ವಾಪಸು ಕೊಡುತ್ತಿದ್ದರು. ಅವರ ಅಂಗಿಯ ಹೊಟ್ಟೆಯ ಗುಂಡಿ ಮಾತ್ರ ಯಾವಾಗಲೂ ತೆರೆದೇ ಇರುತ್ತಿತ್ತು. "ನಮ್ಮ ಗುಂಡೀನೇ ಒಂದು ಹಾಕ್ಕೊಳ್ಬಾರ್ದಾ" ಎಂದು ನಾನು ಗೊಣಗುತ್ತಿದ್ದೆ. "ಗುಂಡಿ ಇದೆ, ಅಳತೆ ಸರಿಯಿಲ್ಲ. ಯಾರೋ ಹಸಿದಾಗ ಅಳೆದಿದಾರೆ. ಒಂದು ದಿನ ನಾನು ಅವರಿಗೆ ಸರಿಯಾದ ಅಂಗಿ ಹೊಲಿದು ಕೊಡ್ತೀನಿ" ಎನ್ನುತ್ತಿದ್ದಳು ಅತ್ತಿಗೆ. ಮಗಳು ತಂದುಕೊಟ್ಟ ಅಂಗಿ ಬಟ್ಟೆಯೊಂದು ಅವರ ಹತ್ತಿರ ಇದ್ದದ್ದು ನಮಗೂ ಗೊತ್ತಿತ್ತು. ಕೇಳಿದರೆ "ಹೊಲಿಸೋಣ ಬಿಡಿ, ಏನವಸರ" ಎನ್ನುತ್ತಿದ್ದರು.

ಆ ಸಲುಗೆಯೆಲ್ಲ ಒಂದು ಬನ್ನಿನಿಂದ ಹೋಯಿತು. ಪಕ್ಕದ ಬೀದಿಯ ಅಜ್ಜಿಯೊಬ್ಬರು ಬನ್ ಮುರಿದರೆ ಒಳಗೆ ಗುಂಡುಸೂಜಿ. ಅಜ್ಜಿಗೆ ಹಲ್ಲಿಲ್ಲದ್ದರಿಂದ ಕೈಯಲ್ಲಿ ಚೂರುಚೂರು ಮಾಡಿ ತಿನ್ನುವ ಅಭ್ಯಾಸ, ಅದೇ ಪುಣ್ಯ. ಯಜಮಾನರು ಆ ಸೂಜಿಯನ್ನು ಅಂಗೈಯಲ್ಲಿ ಹಿಡಿದು ಮೇಲೆ ಬಂದರು. ಕೂಗಾಡಿದ್ದರೆ ನಾನು ಎದುರು ಮಾತಾಡುತ್ತಿದ್ದೆ. ಅವರು ಕೂಗಲಿಲ್ಲ.

"ನೋಡಮ್ಮ, ಗುಂಡಿ ಬಿದ್ರೆ ಸಹಿಸ್ಕೊಂಡೆ, ದಾರ ಬಿದ್ರೆ ಸಹಿಸ್ಕೊಂಡೆ. ಇದು ಮಗುವಿನ ಬಾಯಿಗೆ ಹೋಗಿದ್ರೆ? ಇನ್ನೊಂದು ಬಿದ್ರೆ ಇಲ್ಲಿ ಹೊಲಿಯೋ ಕೆಲಸ ನಿಲ್ಲಿಸಿಬಿಡಿ. ಇಲ್ಲಾಂದ್ರೆ ಮನೆ ಬೇರೆ ನೋಡ್ಕೊಳ್ಳಿ."

ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ನನಗೆ ಸಿಟ್ಟು ಬಂದದ್ದೇ ಅದಕ್ಕೆ. ಅತ್ತಿಗೆ ಮಾತ್ರ ಬಿಳಿಚಿಕೊಂಡು ನಿಂತಿದ್ದಳು. ಇಂಥ ಬೆಳಕಿನ ಕೋಣೆ ಬೇರೆಲ್ಲೂ ನಮ್ಮ ಕೈಗೆಟುಕುವಂತಿರಲಿಲ್ಲ. ಹೊಲಿಗೆ ನಿಂತರೆ ಅವಳು ಮತ್ತೆ ಕಾಲರಿಗೆ ಹೋಗಬೇಕು.

ಮೊದಲು ಚಾಪೆ ಹಾಸಿದೆವು. ಸೂಜಿಗಳು ಚಾಪೆಯಲ್ಲಿ ಅಡಗಿ ಕೂತು, ಕೊಡವಿದಾಗ ಅಂಗಾಲಿಗೆ ಚುಚ್ಚಿದವು. ರಬ್ಬರ್ ಹಾಸು ತಂದರೆ ಭಟ್ಟಿಯ ಕಾವಿಗೆ ಮನೆಯೆಲ್ಲ ಟಯರು ಸುಟ್ಟ ವಾಸನೆ. ಆಗ ಅಣ್ಣ ಕಾರ್ಯಕ್ಕೆ ಇಳಿದ. ಅಣ್ಣನಿಗೆ ಗೊತ್ತಿಲ್ಲದ ವಿಷಯ ಎಂಬುದು ಪ್ರಪಂಚದಲ್ಲಿ ಇಲ್ಲ. "ಸಂದಿ ಮುಚ್ಚೋದು ಏನು ಮಹಾ? ಅದೇ ಜಾತಿ ಮರದ ಪಟ್ಟಿ ಸೀಳಿಸಿ, ಗೋಂದು ಹಚ್ಚಿ, ಸಂದಿಗೆ ಹೊಡೆದು, ಮೇಲೆ ಉಜ್ಜಿದ್ರೆ ಆಯ್ತು" ಎಂದ. ನಿಜ ಹೇಳಬೇಕೆಂದರೆ ಮಾತು ತಪ್ಪಾಗಿರಲಿಲ್ಲ, ಹಾಗೇ ಮಾಡುವುದು. ತೊಡಕಿದ್ದದ್ದು ಒಂದೇ: ಸಂದಿ ಕೆರೆದು ಹಳೆಯ ಕೊಳೆ ತೆಗೆಯುವಾಗ ದೂಳೆಲ್ಲ ಹಿಟ್ಟಿನ ಮೇಜಿನ ಮೇಲೆ ಬೀಳುತ್ತದೆ.

ಅಷ್ಟರಲ್ಲಿ ದೇವರೇ ಕಣ್ಣು ಬಿಟ್ಟ ಹಾಗೆ, ಭಟ್ಟಿಯ ಇಟ್ಟಿಗೆ ಬದಲಿಸಲು ಯಜಮಾನರು ಬೇಕರಿಯನ್ನೇ ಮುಚ್ಚಿದರು. ಮಳೆಗಾಲ, ವ್ಯಾಪಾರ ಹೇಗೂ ಕಡಿಮೆ. ಇದಕ್ಕಿಂತ ಒಳ್ಳೆಯ ಸಮಯ ಇನ್ನೊಂದಿಲ್ಲ ಎಂದು ನಮ್ಮ ಮೂವರಿಗೂ ಅನ್ನಿಸಿತು, ಯಜಮಾನರಿಗೂ ಅನ್ನಿಸಿತು. ಎಂಥ ಮರ್ಯಾದಸ್ಥ ಬಾಡಿಗೆದಾರರು ನಾವು, ಕೆಳಗಿನವರ ಹಿಟ್ಟಿಗೆ ದೂಳು ಬೀಳದ ಹಾಗೆ ಕೆಲಸ ಮಾಡುತ್ತಿದ್ದೇವೆ ಎಂದು ನಾನಂತೂ ಬೀಗಿದೆ. ಅತ್ತಿಗೆ ಅಗಲದ ಬಾಯಿಯ ಚಾಕುವಿನಿಂದ ಸಂದಿ ಕೆರೆದಳು. ಅಣ್ಣ ಪಟ್ಟಿಗಳನ್ನು ಸಂದಿಗೆ ಸರಿಯಾಗಿ ಅಳೆದು ಸೀಳಿಸಿ ತಂದ. ನಾನು ಗೋಂದು ಹಚ್ಚಿ, ಜೊತೆಗೆ ನನ್ನ ಕೂದಲಿಗೂ ಹಚ್ಚಿಕೊಂಡೆ. ಪಟ್ಟಿಗಳು ಒಂದೊಂದೂ ಬಿಗಿಯಾಗಿ ಕೂತವು. ಉಜ್ಜಿ, ಎಣ್ಣೆ ಹಚ್ಚಿದ ಮೇಲೆ ಎಲ್ಲಿ ಸಂದಿ, ಎಲ್ಲಿ ಹಲಗೆ ಎಂದು ಕಣ್ಣಿಗೆ ಕಾಣುತ್ತಿರಲಿಲ್ಲ. ಅಣ್ಣ ಸೊಂಟದ ಮೇಲೆ ಕೈಯಿಟ್ಟು ನಿಂತುಕೊಂಡ. ಯಜಮಾನರು ಮೇಲೆ ಬಂದು ಬೆರಳಾಡಿಸಿ ನೋಡಿ "ಸೊಗಸಾಗಿದೆ" ಎಂದರು.

ಹೊಸ ಭಟ್ಟಿ ಹೊತ್ತಿಸಿದ ಮರುದಿನ ನಮ್ಮ ನೆಲ ಚಟಪಟ ಅನ್ನಲು ಶುರುವಾಯಿತು. ಮೊದಲು ಒಂದು ಮೂಲೆಯಲ್ಲಿ, ಆಮೇಲೆ ಮೆಷಿನ್ನಿನ ಕೆಳಗೆ. ಅತ್ತಿಗೆ ಪೆಡಲ್ ನಿಲ್ಲಿಸಿ ಕಿವಿಗೊಟ್ಟಳು. ಕಣ್ಣೆದುರಿಗೇ ಹಲಗೆಗಳು ಪಟ್ಟಿಗಳಿಂದ ಬಿಟ್ಟುಕೊಂಡವು. ಒಂದು ಪಟ್ಟಿ ಓರೆಯಾಗಿ ನಿಂತು, ನಾವು ಹಿಡಿಯುವಷ್ಟರಲ್ಲಿ ಕೆಳಗಿಳಿಯಿತು. ಅದರ ಹಿಂದೆ ಇನ್ನೊಂದು, ಗೋಂದಿನ ಪುಡಿಯ ಸಮೇತ. ಆಮೇಲೆ ಕಾಲಡಿಯಲ್ಲಿ ಧಡ್, ಧಡ್, ಧಡ್. ಅಷ್ಟು ಜೋರಾಗಿ ಅವರು ಯಾವತ್ತೂ ಕುಟ್ಟಿರಲಿಲ್ಲ.

ಆ ಹೊತ್ತಿಗೆ ನಾದಿಟ್ಟಿದ್ದ ಹಿಟ್ಟು ಪೂರ್ತಿ ಹಾಳಾಯಿತು. ಅಣ್ಣ ಇಂಗು ತಿಂದ ಮಂಗನ ಹಾಗೆ ಕೂತಿದ್ದ. ಯಜಮಾನರು ಮೆಟ್ಟಿಲ ಮೇಲೆಯೇ ನಿಂತು, "ಈ ತಿಂಗಳು ಮುಗಿಯೋವರೆಗೂ ನೋಡ್ತೀನಮ್ಮ. ಆಮೇಲೆ ನನ್ನನ್ನ ಕೆಟ್ಟೋನು ಅನ್ಬೇಡಿ" ಎಂದು ಇಳಿದುಹೋದರು. ಅತ್ತಿಗೆ ಕಾರ್ಖಾನೆಯ ಹಳೆಯ ಗೆಳತಿಯನ್ನು ವಿಚಾರಿಸಿದಳು. ಕಾಲರ್ ವಿಭಾಗದಲ್ಲಿ ಜಾಗ ಖಾಲಿ ಇತ್ತು. ಬೇಡದ ಕಡೆ ಯಾವಾಗಲೂ ಜಾಗ ಖಾಲಿ ಇರುತ್ತದೆ. ಅವಳು ಹೊಸ ಬಟ್ಟೆ ಒಪ್ಪಿಕೊಳ್ಳುವುದನ್ನು ಬಿಟ್ಟಳು, ಇರುವುದನ್ನು ಮಂಡಿಯ ಮೇಲೆ ದೊಡ್ಡ ತಟ್ಟೆಯಿಟ್ಟುಕೊಂಡು, ಸೂಜಿಗಳನ್ನು ಎಣಿಸಿ ಎಣಿಸಿ ಮುಗಿಸತೊಡಗಿದಳು. ಅವಳ ಮುಖ ನೋಡಲು ನನ್ನಿಂದ ಆಗುತ್ತಿರಲಿಲ್ಲ.

ಹೀಗಿರುವಾಗ ನಮ್ಮ ಬಸ್ ನಿಲ್ದಾಣದ ಚಾಲಕನೊಬ್ಬ ಪ್ಯಾಂಟು ಸಡಿಲಿಸಲು ಬಂದ. ಬೇರೆ ಯಾರೋ ಹೊಲಿದದ್ದು. ಉಸಿರು ಬಿಗಿಹಿಡಿದರೂ ಕೊಕ್ಕೆ ಸೇರುತ್ತಿರಲಿಲ್ಲ. ಮನಸ್ಸು ಸರಿಯಿಲ್ಲದಿದ್ದರೂ ಅತ್ತಿಗೆಯ ಹಳೆಯ ಚಾಳಿ ಹೋಗಿರಲಿಲ್ಲ.

"ಬೆಳಿಗ್ಗೆ ಏನೂ ತಿನ್ನದೆ ಅಳತೆ ಕೊಟ್ರಾ?"

"ಹೌದು. ಡ್ಯೂಟಿಗೆ ಹೋಗೋ ಮುಂಚೆ."

"ಅದಕ್ಕೇ ಮತ್ತೆ. ದಿನಾ ಹೇಗಿರ್ತೀರೋ ಹಾಗಿದ್ದಾಗ ಅಳೀಬೇಕು. ಅಂಗಡಿಯವನಿಗೆ ಅನುಕೂಲ ಅಂತ ಯಾವಾಗಂದ್ರೆ ಆವಾಗ ಅಳೆದ್ರೆ..."

ಮಾತು ಅಲ್ಲಿಗೇ ನಿಂತಿತು. ಅವಳು ನೆಲವನ್ನು ನೋಡಿದಳು. ಟೇಪು ಚಾಲಕನ ಸೊಂಟದಲ್ಲೇ ಇತ್ತು. ಇವಳು ಸೀದಾ ನೆಲದ ಮೇಲೆ ಬೋರಲು ಮಲಗಿ ಹಲಗೆಗೆ ಕೆನ್ನೆ ಒತ್ತಿದಳು. ಚಾಲಕ ಗಾಬರಿಯಾಗಿ ನನ್ನ ಮುಖ ನೋಡಿದ. "ಊಟ ಆಗಿಲ್ವೇನೋ ಇವರಿಗೆ" ಎಂದ.

"ಅತ್ತಿಗೇ, ಏನಾಯ್ತು?" ಎಂದೆ.

"ಬಿಸಿ ಇದೆ ಕಣೇ ನೆಲ. ದಿನಾ ಹೀಗೇ ಬಿಸಿ ಇರುತ್ತೆ. ನಾವು ಅಳೆದಿದ್ದು ಭಟ್ಟಿ ಆರಿದ್ದಾಗ, ಮಳೇಲಿ ಹಲಗೆ ಎಲ್ಲ ಉಬ್ಬಿಕೊಂಡಿದ್ದಾಗ. ಕಾವು ತಗುಲಿದ ಮೇಲೆ ಮರ ಒಣಗಿ ಸಣ್ಣಗಾಯ್ತು, ಸಂದಿ ಅಗಲ ಆಯ್ತು. ಇಷ್ಟು ವರ್ಷ ಎಲ್ಲರಿಗೂ ಬುದ್ಧಿ ಹೇಳಿ, ನನ್ನ ಮನೆ ನೆಲಾನೇ ತಪ್ಪು ಹೊತ್ತಲ್ಲಿ ಅಳೆದ್ನಲ್ಲೇ!"

ಅಳುತ್ತಾಳೆ ಎಂದುಕೊಂಡೆ. ಅವಳು ನೆಲದ ಮೇಲೆ ಹೊರಳಿ ನಗುತ್ತಿದ್ದಳು. ಎಷ್ಟೋ ದಿನದ ಮೇಲೆ ಆ ನಗು ಕೇಳಿ ನನಗೆ ಕಣ್ಣಲ್ಲಿ ನೀರು ಬಂತು.

ಸಂಜೆ ಅಣ್ಣ ತಕ್ಷಣ ದೊಡ್ಡ ಪಟ್ಟಿ ಸೀಳಿಸಲು ಹೊರಟ. ಅತ್ತಿಗೆ ತಡೆದಳು. ಬಿಸಿಯಲ್ಲಿ ಅಳೆದು ಬಿಗಿಯಾಗಿ ಹೊಡೆದರೆ, ವಾರದ ರಜೆಗೆ ಭಟ್ಟಿ ಆರಿದ ದಿನ ಹಲಗೆ ಉಬ್ಬಿ ಎಲ್ಲಿಗೆ ಹೋಗಬೇಕು? ಹೊಟ್ಟೆ ಏರಿಳಿಯುವವರಿಗೆ ಅವಳು ಪ್ಯಾಂಟಿನ ಪಟ್ಟಿಯಲ್ಲಿ ಹಿಗ್ಗುವ ಬಟ್ಟೆ ಸೇರಿಸುತ್ತಾಳೆ. ಸಂದಿಗೂ ಅದೇ ಆಗಬೇಕು ಎಂದಳು. ಉಳಿದ ಮರದ ಪಟ್ಟಿಗಳನ್ನು ಕಿತ್ತು, ಹಳೆಯ ಬನಿಯನ್ನುಗಳನ್ನು ಉದ್ದಕ್ಕೆ ಕತ್ತರಿಸಿ, ಹಗ್ಗದ ಹಾಗೆ ಹೊಸೆದು, ಸಂದಿಗೆ ಒತ್ತಿ ತುಂಬುವುದು. ಅದು ಅದುಮಿದರೆ ಅದುಮಿಕೊಳ್ಳುತ್ತದೆ, ಬಿಟ್ಟರೆ ಹಿಗ್ಗುತ್ತದೆ. ಗೋಂದು ಒಂದು ಹಲಗೆಯ ಅಂಚಿಗೆ ಮಾತ್ರ, ಇನ್ನೊಂದು ಹಲಗೆ ತನ್ನಿಷ್ಟಕ್ಕೆ ಸರಿದಾಡಲಿ. "ಎರಡೂ ಕಡೆ ಹೊಲಿದ್ರೆ ಎಲ್ಲಾದ್ರೂ ಹರಿಯುತ್ತೆ" ಎಂದಳು. ಅಣ್ಣ ತಲೆ ಕೆರೆದುಕೊಂಡು, "ನಾನೂ ಅದನ್ನೇ ಹೇಳೋಣ ಅಂತಿದ್ದೆ" ಎಂದ.

ಕಷ್ಟವಿದ್ದದ್ದು ಯಜಮಾನರನ್ನು ಒಪ್ಪಿಸುವುದು. ಈ ಸಲ ಭಟ್ಟಿ ಕಾದಿರುವಾಗಲೇ ಕೆಲಸ ಆಗಬೇಕು. "ಸಂದಿ ಕೆರೀತೀರಾ? ನನ್ನ ತಲೆ ಮೇಲೆ? ನಿಮಗೇನು ಬುದ್ಧಿಗಿದ್ದಿ ಇದೆಯಾ?" ಎಂದು ಅವರು ಮೊದಲ ಬಾರಿಗೆ ದನಿಯೆತ್ತಿದರು. ಅತ್ತಿಗೆ ಜಗ್ಗಲಿಲ್ಲ. ಮಧ್ಯಾಹ್ನ ಬೆಂಕಿ ತೆಗೆದ ಮೇಲೂ ಭಟ್ಟಿ ಸಂಜೆಯವರೆಗೆ ಕಾದೇ ಇರುತ್ತದೆ, ಆ ಹೊತ್ತಿನಲ್ಲಿ ಮೇಜಿನ ಮೇಲೆ ಹಿಟ್ಟಿರುವುದಿಲ್ಲ. ಅವಳು ಅವರ ಖಾಲಿ ಹಿಟ್ಟಿನ ಚೀಲಗಳನ್ನೇ ಕೇಳಿ ಪಡೆದು, ಬಿಚ್ಚಿ, ಒಗೆದು, ಒಂದಕ್ಕೊಂದು ಹೊಲಿದು ದೊಡ್ಡ ಚಪ್ಪರ ಮಾಡಿದಳು. ಅದನ್ನು ಅವರ ಚಾವಣಿಯ ಕೆಳಗೆ ಕೊಕ್ಕೆಗಳಿಗೆ ಕಟ್ಟಿದರೆ ಬಿದ್ದದ್ದೆಲ್ಲ ಅದರಲ್ಲೇ ನಿಲ್ಲುತ್ತದೆ.

"ಹಾಗಾದ್ರೆ ಇದನ್ನೇ ಖಾಯಮ್ಮಾಗಿ ಬಿಟ್ಬಿಡಿ, ಸಂದಿ ತಂಟೆನೇ ಬೇಡ" ಎಂದ ಅಣ್ಣ.

"ಉರಿಯೋ ಭಟ್ಟಿ ಮೇಲೆ ಬಟ್ಟೆ ಕಟ್ಕೊಂಡು ಕೂತ್ಕೋಬೇಕಾ ನಾನು? ಸರ್ಕಾರಿ ಕೆಲಸ ನಿಮಗೆ ಯಾರ್ರೀ ಕೊಟ್ಟಿದ್ದು?" ಎಂದರು ಯಜಮಾನರು. ಅಷ್ಟು ಹೇಳಿದ ಮೇಲೆ ಅವರಿಗೇ ನಗು ಬಂತು. ನಗು ಬಂದ ಮೇಲೆ ಒಪ್ಪದೆ ಇರುವುದು ಕಷ್ಟ.

ದಿನಾ ಮಧ್ಯಾಹ್ನ ಚಪ್ಪರ ಕಟ್ಟುವುದು, ಕತ್ತಲಾಗುವ ಮೊದಲು ಬಿಚ್ಚಿ ಹೊರಗೆ ಕೊಡವುವುದು. ಅತ್ತಿಗೆ ಬೆಣ್ಣೆ ಸವರುವ ಮೊಂಡು ಚಾಕುವಿನಿಂದ ಹೊಸೆದ ಬಟ್ಟೆಯನ್ನು ಸಂದಿಗೆ ಒತ್ತುತ್ತ ಮಂಡಿಯೂರಿ ಸಾಗಿದಳು. ನೆಲದ ಬಣ್ಣಕ್ಕೆ ಹೊಂದಲಿ ಎಂದು ಅಣ್ಣ ಬನಿಯನ್ ಪಟ್ಟಿಗಳನ್ನು ಚಹಾ ಡಿಕಾಕ್ಷನ್ನಿನಲ್ಲಿ ಅದ್ದಿ ಕಂದು ಮಾಡಿಕೊಟ್ಟ. ಆ ದಿನಗಳಲ್ಲಿ ನಮಗೆ ಕುಡಿಯಲು ಚಹಾ ಸಿಗಲಿಲ್ಲ. ಕೊನೆಗೆ ಮೆಷಿನ್ನಿನ ಬಳಿಯ ಒಂದು ಸಂದಿಗೆ ಬಟ್ಟೆ ಸಾಲದೆ ನನ್ನ ಹಳೆಯ ಕೆಂಪು ಸ್ವೆಟರ್ ಬಲಿಯಾಯಿತು. ಅದು ಇವತ್ತಿಗೂ ನೆಲದಲ್ಲಿ ಕೆಂಪಗೆ ಕಾಣುತ್ತದೆ, ಬಂದವರೆಲ್ಲ ಕೇಳುತ್ತಾರೆ.

ವಾರದ ರಜೆಯ ದಿನ ಬಂತು. ಭಟ್ಟಿ ಆರಿತು, ಹೊರಗೆ ಮಳೆ ಹಿಡಿದು ಹೊಡೆಯಿತು. ನಾವು ಮೂವರೂ ನೆಲವನ್ನು ಜ್ವರದ ಮಗುವಿನ ಹಾಗೆ ಮುಟ್ಟಿ ಮುಟ್ಟಿ ನೋಡಿದೆವು. ಹಲಗೆಗಳು ಉಬ್ಬಿ ಹತ್ತಿರ ಬಂದವು, ನಡುವಿನ ಬಟ್ಟೆ ಅದುಮಿಕೊಂಡು ಕೊಂಚ ಮೇಲೆದ್ದಿತು. ಅಷ್ಟೆ. ಮರುದಿನ ಭಟ್ಟಿ ಹೊತ್ತಿದಾಗ ನಾನು ನೆಲಕ್ಕೆ ಕಿವಿಯಿಟ್ಟೆ. ಒಂದೆರಡು ಸಲ ಟಿಕ್ ಎಂದಿತು. ಬಟ್ಟೆ ಹಿಗ್ಗಿ ಮತ್ತೆ ತನ್ನ ಜಾಗ ತುಂಬಿಕೊಂಡಿತು. ಕೆಳಗಿನಿಂದ ಕುಟ್ಟುವ ಸದ್ದಿಲ್ಲ. ಮಾರನೆಯ ದಿನವೂ ಇಲ್ಲ. ಆದರೂ ಅತ್ತಿಗೆ ಮಂಡಿಯ ಮೇಲಿನ ತಟ್ಟೆಯನ್ನು ತೆಗೆಯಲಿಲ್ಲ, ಹೊಸ ಬಟ್ಟೆ ಒಪ್ಪಿಕೊಳ್ಳಲಿಲ್ಲ. ಯಜಮಾನರು ಏನೂ ಹೇಳಿರಲಿಲ್ಲ, ತಿಂಗಳು ಮುಗಿಯುತ್ತ ಬಂದಿತ್ತು.

ಅವತ್ತು ಭಾನುವಾರ, ಬೇಕರಿಯ ರಜೆ ಬೇರೆ ದಿನ, ಅಣ್ಣನೂ ನಾನೂ ಮಾತ್ರ ರಜೆಯೆಂದು ಮನೆಯಲ್ಲೇ ಇದ್ದೆವು. ಕೆಳಗೆ ಹಿಟ್ಟು ನಾದುವ ಹೊತ್ತು. ಅತ್ತಿಗೆ ಕತ್ತರಿಗೆ ಕೈಚಾಚಿದಳು. ಮೊಣಕೈ ತಗುಲಿ ಗುಂಡುಸೂಜಿಯ ಡಬ್ಬಿ ಬಿತ್ತು. ಒಂದು ಸೂಜಿ ಅಲ್ಲ, ಇಡೀ ಡಬ್ಬಿ. ಮುಚ್ಚಳ ಹಾರಿ, ಸೂಜಿಗಳು ಕೋಣೆಯ ಆ ತುದಿಯವರೆಗೆ ಚೆಲ್ಲಾಡಿದವು.

ಅತ್ತಿಗೆ ಎರಡೂ ಪಾದ ಎತ್ತಿಕೊಂಡು ಕುರ್ಚಿಯಲ್ಲಿ ಮುದುಡಿ ಕೂತಳು, ಈಗ ಬರುವ ಏಟು ತನ್ನ ಪಾದಕ್ಕೇ ಬೀಳುತ್ತದೆ ಎನ್ನುವ ಹಾಗೆ. ನಾವು ಕಾದೆವು. ಕೆಳಗೆ ಹಿಟ್ಟು ಎತ್ತಿ ಬಡಿಯುವ ಸದ್ದು ಮಂದವಾಗಿ ಕೇಳುತ್ತಿತ್ತು. ಆಮೇಲೆ ಅದೂ ನಿಂತಿತು. ಮೆಟ್ಟಿಲ ಮೇಲೆ ಭಾರವಾದ ಹೆಜ್ಜೆಗಳು. "ಮುಗೀತು" ಎಂದಳು ಅತ್ತಿಗೆ, ಬಹಳ ಮೆಲ್ಲಗೆ.

ಯಜಮಾನರು ಬಾಗಿಲಲ್ಲಿ ನಿಂತರು. ಕಂಕುಳಲ್ಲಿ ಒಂದು ಕಾಗದದ ಪೊಟ್ಟಣ. ಒಳಗೆ ಇಡಲು ಎತ್ತಿದ ಕಾಲನ್ನು ಹಾಗೇ ಗಾಳಿಯಲ್ಲಿ ನಿಲ್ಲಿಸಿ ನೆಲ ನೋಡಿದರು. ಎಲ್ಲೆಲ್ಲೂ ಸೂಜಿ.

"ಇದು ಯಾವಾಗ ಬಿತ್ತು?"

"ಈಗ್ಲೇ" ಎಂದೆ ನಾನು.

ಅವರು ಪೊಟ್ಟಣವನ್ನು ಅಣ್ಣನ ಕೈಗೆ ತುರುಕಿ ದಡದಡನೆ ಕೆಳಗೋಡಿದರು. ನಾವು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಮೇಜು ಎಳೆದ ಸದ್ದು. ಆಮೇಲೆ ಏನೂ ಇಲ್ಲ. ಇಷ್ಟು ಹೊತ್ತು ಏನು ಹುಡುಕುತ್ತಿದ್ದಾರೆ ಈ ಮನುಷ್ಯ ಎಂದು ನನಗೆ ರೇಗಿಹೋಯಿತು. ಕೊನೆಗೆ ಅವರು ಏದುಸಿರು ಬಿಡುತ್ತ ಹತ್ತಿ ಬಂದರು. ಒಂದು ಕೈಯಲ್ಲಿ ಟಾರ್ಚು, ಹಣೆಯ ಮೇಲೆ ಹಿಟ್ಟು.

"ಒಂದೂ ಇಲ್ಲ ಕಣಮ್ಮ. ಚಾವಣೀಗೆಲ್ಲ ಬೆಳಕು ಬಿಟ್ಟು ನೋಡ್ದೆ, ಹಿಟ್ಟನ್ನೆಲ್ಲ ಹಿಸುಕಿ ನೋಡ್ದೆ. ಒಂದೇ ಒಂದೂ ಇಲ್ಲ."

ಬದುಕಿದೆಯಾ ಬಡಜೀವವೇ ಎಂದು ನಾನು ಅಲ್ಲೇ ಗೋಡೆಗೊರಗಿದೆ. ಅಣ್ಣ "ಹೇಳಿರಲಿಲ್ವಾ?" ಎಂದ. ಯಾರೂ ಅವನ ಕಡೆ ನೋಡಲಿಲ್ಲ. ಅತ್ತಿಗೆ ಎತ್ತಿಕೊಂಡಿದ್ದ ಪಾದಗಳನ್ನು ಒಂದೊಂದಾಗಿ ನೆಲಕ್ಕಿಟ್ಟಳು, ಸೂಜಿಗಳ ನಡುವೆ ಜಾಗ ನೋಡಿಕೊಂಡು.

"ಮತ್ತೆ, ನೀವು ಮೇಲೆ ಬಂದಿದ್ದು ಯಾಕೆ?" ಎಂದು ಕೇಳಿದಳು.

ಯಜಮಾನರು ಅಣ್ಣನ ಕೈಯಿಂದ ಪೊಟ್ಟಣ ತೆಗೆದುಕೊಂಡು ಬಿಚ್ಚಿದರು. ನೀಲಿ ಗೆರೆಯ ಅಂಗಿ ಬಟ್ಟೆ, ಮಡಿಕೆಯ ಉದ್ದಕ್ಕೂ ಬಣ್ಣ ಮಾಸಿತ್ತು. "ಮಗಳು ಕೊಟ್ಟು ಯಾವ ಕಾಲ ಆಯ್ತೋ. ನೀವು ಇಲ್ಲೇ ಇರೋರಲ್ವಾ, ಅದಕ್ಕೇ ಹೊಲಿಸಿಬಿಡೋಣ ಅಂತ. ಏನವಸರ ಇಲ್ಲ, ನಿಧಾನಕ್ಕೆ ಹೊಲೀರಿ. ಅಳತೆ ತಗೋಮ್ಮ."

ಅವರು ಎರಡೂ ಕೈ ಚಾಚಿ, ಸೂಜಿಗಳ ನಡುವೆ ಕದಲದೆ ನಿಂತುಕೊಂಡರು. ಅತ್ತಿಗೆ ಕೊರಳಿನ ಟೇಪಿಗೆ ಕೈ ಹಾಕಿದಳು. ಅವಳ ಕಣ್ಣಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು, ಅವಳು ಅದನ್ನು ಒರೆಸಿಕೊಳ್ಳಲೂ ಹೋಗಲಿಲ್ಲ.

"ಊಟ ಆಯ್ತಾ?" ಎಂದಳು.

"ಇಲ್ಲ. ಇನ್ನೂ ಹಿಟ್ಟು ನಾದಿ ಮುಗಿದಿಲ್ಲ."

"ಹಾಗಾದ್ರೆ ಉಂಡು ಬನ್ನಿ" ಎಂದು ಅತ್ತಿಗೆ ಬಾಗಿಲು ತೋರಿಸಿದಳು.